ಬೆಚ್ಚಗಿರುವುದರ ಲೆಕ್ಕ

ಕನ್ನಡನಾಡಿನಿಂದ ಬಂದು ದೆಹಲಿಯಲ್ಲಿ ನೆಲೆಸಿದ ನಮ್ಮಂಥವರಿಗೆ ಈ ಊರು ಕಲಿಸುವ ಮೊದಲ ಪಾಠ ಚಳಿಯದು. ಬೆಂಗಳೂರಿನ ಧನುರ್ಮಾಸದ ಬೆಳಗ್ಗೆ ಮಫ್ಲರ್ ಸುತ್ತಿಕೊಂಡು ಹಾಲಿನ ಬೂತಿಗೆ ಹೋಗಿ ಬಂದುದನ್ನೇ ಚಳಿ ಎಂದುಕೊಂಡಿದ್ದವರು ಇಲ್ಲಿಯ ಪುಷ್ಯಮಾಸದಲ್ಲಿ ಆ ಮಾತಿಗೆ ಹೊಸ ಅರ್ಥ ಹುಡುಕಿಕೊಳ್ಳಬೇಕಾಗುತ್ತದೆ. 2019ರ ಡಿಸೆಂಬರ್ 30ರಂದು ದೆಹಲಿಯ ಹಗಲಿನ ಗರಿಷ್ಠ ಉಷ್ಣಾಂಶ 9.4 ಡಿಗ್ರಿಯನ್ನು ಮೀರಲಿಲ್ಲ. 2021ರ ಹೊಸ ವರ್ಷದ ಬೆಳಗ್ಗೆ ಸಫ್ದರ್‌ಜಂಗಿನ ಮಾಪಕ 1.1 ಡಿಗ್ರಿ ತೋರಿಸಿತು. ಹೊರಗಿನ ಚಳಿಗಿಂತ ಒಳಗಿನ ಚಳಿಯೇ ಇಲ್ಲಿ ಹೆಚ್ಚು ಕಾಡುತ್ತದೆ. ಈ ಊರಿನ ಫ್ಲ್ಯಾಟುಗಳನ್ನು ಕಟ್ಟಿದವರು ಮೇ ತಿಂಗಳನ್ನು ನೆನೆದು ಕಟ್ಟಿದರೇ ಹೊರತು ಜನವರಿಯನ್ನು ನೆನೆದು ಕಟ್ಟಲಿಲ್ಲ. ಮೊಸಾಯಿಕ್ ನೆಲ, ತೆಳ್ಳಗಿನ ಗೋಡೆ, ಸರಿಯಾಗಿ ಮುಚ್ಚದ ಕಿಟಕಿ, ಬಾಗಿಲಡಿಯಲ್ಲಿ ಎರಡು ಬೆರಳಿನ ಸಂದು. ಊರಿನಲ್ಲಾದರೆ ಬಚ್ಚಲೊಲೆಯ ಮುಂದೆ ಕುಳಿತು ಕೈಕಾಲು ಕಾಯಿಸಿಕೊಳ್ಳಬಹುದಿತ್ತು. ನಾಲ್ಕನೆಯ ಮಹಡಿಯಲ್ಲಿ ಅದಕ್ಕೂ ಅವಕಾಶವಿಲ್ಲ. ಉಳಿದದ್ದು ವಿದ್ಯುತ್ತೊಂದೇ. ಆದ್ದರಿಂದ ನಮ್ಮ ಮನೆಗಳಲ್ಲಿ ದೇವರ ಪಟದಷ್ಟೇ ಖಾತ್ರಿಯಾಗಿ ಒಂದು ಹೀಟರೂ ಇರುತ್ತದೆ.

ಇಂಥ ಹೀಟರು ಯಾವುದೋ ಒಂದು ಚಳಿಗಾಲದ ನಟ್ಟನಡುವೆ ಕೆಟ್ಟುಹೋಗುತ್ತದೆ. ಹೊಸದನ್ನು ಕೊಳ್ಳಬೇಕು. ಯಾವುದನ್ನು ಕೊಳ್ಳುವುದು? ಇದು ಅಂಗಡಿಯವನನ್ನು ಕೇಳಬೇಕಾದ ಪ್ರಶ್ನೆ, ಇದರಲ್ಲಿ ತತ್ವವಿಚಾರವೇನು ಬಂತು ಎಂದು ಓದುಗರು ಕೇಳಬಹುದು. ನಮ್ಮ ಅಭಿಪ್ರಾಯದಲ್ಲಿ ಬಂದಿದೆ. ನಮ್ಮ ನಿತ್ಯದ ಬದುಕಿನಲ್ಲಿ ಬಹುಭಾಗ ನಾವು ಆರಿಸಿಕೊಂಡದ್ದಲ್ಲ, ರೂಢಿಯಿಂದ ನಡೆದುಬಂದದ್ದು. ಕೆಲಸ ಮಾಡುತ್ತಿರುವ ವಸ್ತುವನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ. ಅದು ಕೆಟ್ಟು ನಿಂತ ದಿನ ಮಾತ್ರ ನಮಗೆ ಇದು ಎಷ್ಟು ಬೇಕಿತ್ತು, ಯಾರಿಗೆ ಬೇಕಿತ್ತು, ಯಾವ ಬೆಲೆಗೆ ಬೇಕಿತ್ತು ಎಂದು ಕೇಳಲು ಒಂದು ಅವಕಾಶ ಸಿಗುತ್ತದೆ. ಆ ಅವಕಾಶ ಎರಡು ದಿನದ್ದು. ಮೂರನೆಯ ದಿನ ಹೊಸದು ಬಂದು ಮೂಲೆಯಲ್ಲಿ ಕುಳಿತು ಮತ್ತೊಂದು ರೂಢಿ ಹುಟ್ಟಿಕೊಳ್ಳುತ್ತದೆ. ಆ ಎರಡು ದಿನಗಳಲ್ಲಿ ಯೋಚಿಸಬೇಕಾದದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಅಂಗಡಿಯ ಮಾತು. ಚಾಂದನಿ ಚೌಕದ ಭಗೀರಥ ಪ್ಯಾಲೇಸಿಗೆ ಹೋಗಲಿ, ನಮ್ಮ ಕಾಲೋನಿಯ ಮಾರ್ಕೆಟ್ಟಿಗೇ ಹೋಗಲಿ, ಹೀಟರುಗಳ ಸಾಲೇ ಸಾಲು. ಕೆಂಪಗೆ ಕಾಯುವ ರಾಡಿನವು, ಬಿಸಿಗಾಳಿ ಊದುವ ಬ್ಲೋಯರುಗಳು, ಎಣ್ಣೆ ತುಂಬಿದ ಹಲ್ಲುಹಲ್ಲಿನ ರೇಡಿಯೇಟರುಗಳು. ಒಬ್ಬೊಬ್ಬ ವ್ಯಾಪಾರಿಯೂ ತನ್ನದು "ಕಡಿಮೆ ಕರೆಂಟಿನಲ್ಲಿ ಹೆಚ್ಚು ಶಾಖ" ಕೊಡುತ್ತದೆ ಎನ್ನುತ್ತಾನೆ. ಈ ಮಾತಿಗೆ ಉತ್ತರ 1841ರಷ್ಟು ಹಿಂದೆಯೇ ಸಿಕ್ಕಿದೆ. ಲೋಹದ ತಂತಿಯಲ್ಲಿ ವಿದ್ಯುತ್ ಹರಿದಾಗ ಹುಟ್ಟುವ ಶಾಖದ ನಿಯಮವನ್ನು ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್ ಆ ವರ್ಷ ಪ್ರಕಟಿಸಿದ. ತಂತಿ ಕಾಯಿಸಿ ಶಾಖ ಕೊಡುವ ಯಾವ ಹೀಟರೇ ಆಗಲಿ, ಒಂದು ಯೂನಿಟ್ ವಿದ್ಯುತ್ತಿಗೆ ಕೊಡುವುದು ಸುಮಾರು 860 ಕಿಲೋಕ್ಯಾಲರಿ ಶಾಖ ಮಾತ್ರ. ಮುನ್ನೂರು ರೂಪಾಯಿಯದೂ ಅಷ್ಟೇ, ಹದಿನೈದು ಸಾವಿರದ್ದೂ ಅಷ್ಟೇ. ಪ್ರಕೃತಿಯ ಈ ನಿಯಮ ಬಡವ ಬಲ್ಲಿದ ಎಂಬ ಭೇದ ಮಾಡುವುದಿಲ್ಲ. ವ್ಯಾಪಾರಿ ಮಾರುವ ವ್ಯತ್ಯಾಸ ಬೇರೆಲ್ಲೋ ಇದೆ.

ಆ ವ್ಯತ್ಯಾಸ ಶಾಖ ಹೇಗೆ ಬರುತ್ತದೆ, ಯಾರಿಗೆ ಮುಟ್ಟುತ್ತದೆ ಎಂಬುದರಲ್ಲಿದೆ. ರಾಡಿನ ಹೀಟರು ಬಿಸಿಲಿನಂತೆ. ಎದುರಿಗೆ ಕುಳಿತವರ ಮೈಯನ್ನು ನೇರವಾಗಿ ಕಾಯಿಸುತ್ತದೆ, ಹಿಂದೆ ಕುಳಿತವರನ್ನು ಮರೆತುಬಿಡುತ್ತದೆ. ಬ್ಲೋಯರು ಗಾಳಿಯನ್ನು ಬಿಸಿ ಮಾಡಿ ಐದು ನಿಮಿಷದಲ್ಲಿ ಕೋಣೆಯನ್ನು ಬೆಚ್ಚಗಾಗಿಸುತ್ತದೆ, ಆರಿಸಿದ ಐದು ನಿಮಿಷಕ್ಕೆ ಕೋಣೆ ಮೊದಲಿನಂತಾಗುತ್ತದೆ. ಎಣ್ಣೆಯ ರೇಡಿಯೇಟರು ಹಳೆಯ ಕಾಲದ ಹಿರಿಯರಂತೆ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಅದರೊಳಗಿನ ಎಣ್ಣೆ ಉರಿಯುವುದೂ ಇಲ್ಲ, ಮುಗಿಯುವುದೂ ಇಲ್ಲ. ಇವು ಮೂರೂ ಕೊಟ್ಟಷ್ಟನ್ನೇ ಹಿಂದಿರುಗಿಸುವ ಪ್ರಾಮಾಣಿಕರು.

ನಾಲ್ಕನೆಯದೊಂದಿದೆ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬಿಸಿ ಕೊಡುವ ಏರ್‌ಕಂಡಿಷನರು. ಇದು ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವ ಶಾಖವನ್ನೇ ಎತ್ತಿ ಒಳಗೆ ತರುತ್ತದೆ. ಬಾವಿಯಿಂದ ನೀರು ಸೇದುವಂತೆ ಎನ್ನಿ. ಹೊರಗೆ ಐದು ಡಿಗ್ರಿಯಿದ್ದರೂ ಆ ಗಾಳಿಯಲ್ಲಿ ಸೇದಿಕೊಳ್ಳಬಹುದಾದ ಶಾಖ ಇದ್ದೇ ಇರುತ್ತದೆ. ಹೀಗೆ ಮಾಡಬಹುದೆಂದು ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು, 1852ರಲ್ಲೇ ಸೂಚಿಸಿದ್ದ. ಸೇದುವ ಶ್ರಮಕ್ಕಷ್ಟೇ ವಿದ್ಯುತ್ ಬೇಕಾದ್ದರಿಂದ ಒಂದು ಯೂನಿಟ್ಟಿಗೆ ಸುಮಾರು ಮೂರು ಯೂನಿಟ್ಟಿನ ಶಾಖ ದೊರೆಯುತ್ತದೆ. ಬೆಲೆ ಮಾತ್ರ ರಾಡಿನ ಹೀಟರಿಗಿಂತ ಹತ್ತಾರು ಪಟ್ಟು. ಮಿತವ್ಯಯಕ್ಕೂ ಮೊದಲು ಹಣ ಬೇಕು ಎಂಬ ಲೋಕದ ವಿಚಿತ್ರ ಇಲ್ಲಿಯೂ ಉಂಟು. ಬಡವನು ಕೊಳ್ಳಬಲ್ಲ ಹೀಟರು ಅಗ್ಗ, ಅದು ತರುವ ಬಿಲ್ಲು ದುಬಾರಿ.

ಇವೆಲ್ಲಕ್ಕೂ ಮೊದಲಿನ ಹೀಟರೊಂದನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಸುಮ್ಮನೆ ಕುಳಿತ ಮನುಷ್ಯದೇಹ ಸುಮಾರು 100 ವಾಟ್ ಶಾಖವನ್ನು ಹೊರಗೆ ಬಿಡುತ್ತಲೇ ಇರುತ್ತದೆ. ಹತ್ತಿಯ ರಜಾಯಿ ಮಾಡುವ ಕೆಲಸ ಈ ಶಾಖವನ್ನು ಹಿಡಿದಿಡುವುದು, ಅಷ್ಟೇ. ರಜಾಯಿಗೆ ಬಿಲ್ಲಿಲ್ಲ. ಮಲಗುವವರಿಗೆ ಎಲೆಕ್ಟ್ರಿಕ್ ಕಂಬಳಿ ಎಂಬುದೊಂದು ಬಂದಿದೆ. ಅದಕ್ಕೆ ಬೇಕಾದದ್ದು ನೂರು ವಾಟಿನ ಆಸುಪಾಸು. ಎರಡು ಸಾವಿರ ವಾಟಿನ ಬ್ಲೋಯರು ಒಂದು ಗಂಟೆಯಲ್ಲಿ ನುಂಗುವ ವಿದ್ಯುತ್ತಿನಲ್ಲಿ ಆ ಕಂಬಳಿ ಎರಡು ರಾತ್ರಿ ಕಳೆಯುತ್ತದೆ. ಹೀಗೆ ನೋಡಿದಾಗ ಅಂಗಡಿಯ ಪ್ರಶ್ನೆ ಬದಲಾಗಿಬಿಡುತ್ತದೆ. ನಾವು ಕಾಯಿಸಬೇಕಾದದ್ದು ಕೋಣೆಯನ್ನೋ, ಕೋಣೆಯಲ್ಲಿರುವ ಮನುಷ್ಯನನ್ನೋ? ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲದ ಗಾಳಿಗೆ, ಗೋಡೆಗೆ, ಸೋಫಾಕ್ಕೆ, ಗೋದ್ರೇಜ್ ಬೀರುವಿಗೆ ಚಳಿಯಾಗುವುದಿಲ್ಲ. ಆದರೂ ನಾವು ಅವುಗಳನ್ನೆಲ್ಲ ಕಾಯಿಸಿ, ಕೊನೆಗೆ ಉಳಿದ ಶಾಖದಲ್ಲಿ ಮನುಷ್ಯರನ್ನು ಕೂರಿಸುತ್ತೇವೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. "ದುಡ್ಡು ನಮ್ಮದು, ಬಿಲ್ಲು ಕಟ್ಟುವವರು ನಾವು, ಬೀರುವನ್ನು ಕಾಯಿಸಿದರೆ ನಿಮಗೇನು?" ಈ ಆಕ್ಷೇಪ ಒರಟಾದರೂ ಹುರುಳಿಲ್ಲದ್ದಲ್ಲ. ಇತರರ ಮನೆಯ ಬೆಚ್ಚಗೆಯ ಮೇಲೆ ಕಣ್ಣಿಡುವುದು ಯಾರಿಗೂ ಶೋಭಿಸದು. ಆದರೆ ಬೆಲೆ ಕೊಟ್ಟಾಕ್ಷಣ ಎಲ್ಲ ಋಣವೂ ತೀರಿತೇ ಎಂಬುದು ಬೇರೆ ಪ್ರಶ್ನೆ.

ವಿದ್ಯುತ್ತಿನ ವಿಷಯದಲ್ಲಿ ಕನ್ನಡಿಗರಾದ ನಮಗೆ ಈ ಪ್ರಶ್ನೆಯ ಹಳೆಯ ಪರಿಚಯವಿದೆ. 1902ರ ಜೂನ್ 30ರಂದು ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ಹೊರಟಾಗ ಅದು ಬೆಳಗಿದ್ದು ಪಕ್ಕದ ಹಳ್ಳಿಗಳನ್ನಲ್ಲ. ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಕೊಳ್ಳುವ ಶಕ್ತಿ ಇದ್ದುದು ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಮುಂದೆ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನಾಡಿಗೆಲ್ಲ ಬೆಳಕು ಬಂದಾಗ ಶರಾವತಿಯ ದಂಡೆಯ ತೋಟ, ಗದ್ದೆ, ದೇವಸ್ಥಾನಗಳು ನೀರಿನಡಿಗೆ ಹೋದವು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇಂದಿಗೂ "ಮುಳುಗಡೆ" ಎಂಬುದು ಒಂದು ಇಸವಿಯ ಹೆಸರಿನಂತೆ ಬಳಕೆಯಲ್ಲಿದೆ. ಬೆಳಕಿನ ಬಿಲ್ಲನ್ನು ನಾವು ಪ್ರತಿ ತಿಂಗಳೂ ಕಟ್ಟಿದೆವು. ಮುಳುಗಿದ ಮನೆಯ ಬಿಲ್ಲನ್ನು ಮುಳುಗಿದವರೇ ಕಟ್ಟಿದರು.

ದೆಹಲಿಯ ಹೀಟರಿನ ಕಥೆಯೂ ಇದೇ ಜಾತಿಯದು. ಈ ಊರಿನೊಳಗೆ ಕಲ್ಲಿದ್ದಲಿನಿಂದ ವಿದ್ಯುತ್ ಮಾಡುತ್ತಿದ್ದ ಸ್ಥಾವರಗಳು ಒಂದೊಂದಾಗಿ ಮುಚ್ಚಿದವು. ಕೊನೆಯದಾಗಿ ಬದರ್‌ಪುರದ್ದು 2018ರ ಅಕ್ಟೋಬರಿನಲ್ಲಿ ನಿಂತಿತು. ನಮ್ಮ ಆಕಾಶಕ್ಕೆ ಅಷ್ಟು ಉಪಕಾರವಾಯಿತು, ಸಂತೋಷ. ಆದರೆ ದೇಶದ ವಿದ್ಯುತ್ತಿನ ಸುಮಾರು ಮುಕ್ಕಾಲು ಪಾಲು ಈಗಲೂ ಕಲ್ಲಿದ್ದಲಿನದೇ. ಹೀಟರು ಹೊತ್ತಿಕೊಳ್ಳುವುದು ಹೆಚ್ಚಾಗಿ ಸೂರ್ಯ ಮುಳುಗಿದ ಮೇಲೆ, ಆಗ ಛಾವಣಿಯ ಸೌರಫಲಕವೂ ನಿದ್ರೆಯಲ್ಲಿರುತ್ತದೆ. ಅಂದರೆ ಹೊಗೆ ಇಲ್ಲವಾಗಲಿಲ್ಲ, ಬೇರೆಯವರ ಮನೆಯ ಮೇಲಕ್ಕೆ ಹೋಯಿತು. ಉತ್ತರ ಭಾರತಕ್ಕೆ, ದೆಹಲಿಗೂ, 1982ರಿಂದ ವಿದ್ಯುತ್ ಕಳಿಸುತ್ತಿರುವ ಸಿಂಗ್ರೌಲಿಯ ಪ್ರದೇಶವನ್ನೇ ನೋಡಿ. ಅಲ್ಲಿಯ ಎಷ್ಟೋ ಕುಟುಂಬಗಳು 1960ರ ದಶಕದ ಆರಂಭದಲ್ಲಿ ರಿಹಂದ್ ಜಲಾಶಯಕ್ಕಾಗಿ ಒಮ್ಮೆ ಮನೆ ಬಿಟ್ಟವು, ಆಮೇಲೆ ಗಣಿಗಳಿಗಾಗಿ, ಸ್ಥಾವರಗಳಿಗಾಗಿ ಮತ್ತೊಮ್ಮೆ ಬಿಟ್ಟವು.

ಲೆಕ್ಕವನ್ನೂ ಹೇಳಿಬಿಡೋಣ. ಒಂದು ಯೂನಿಟ್ ವಿದ್ಯುತ್ತಿಗೆ ಅರ್ಧ ಕಿಲೋಗೆ ಮೀರಿ ಮುಕ್ಕಾಲು ಕಿಲೋದೊಳಗೆ ಕಲ್ಲಿದ್ದಲು ಬೇಕು. ಆ ಕಲ್ಲಿದ್ದಲಿನ ಶಾಖದಲ್ಲಿ ವಿದ್ಯುತ್ತಾಗುವುದು ಮೂರರಲ್ಲಿ ಒಂದು ಪಾಲು, ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು. ಉಳಿದ ಶಾಖ ಅಲ್ಲಿಯ ಗಾಳಿ ನೀರಿಗೆ ಹೋಯಿತು. ಹೀಗೆ ಶಾಖವನ್ನು ಸುಟ್ಟು ವಿದ್ಯುತ್ ಮಾಡಿ, ನೂರಾರು ಮೈಲಿ ತಂತಿಯಲ್ಲಿ ಹರಿಸಿ, ನಮ್ಮ ಕೋಣೆಯಲ್ಲಿ ಅದನ್ನು ಮತ್ತೆ ಶಾಖ ಮಾಡುತ್ತೇವೆ. ಎರಡು ಸಾವಿರ ವಾಟಿನ ಬ್ಲೋಯರನ್ನು ಐದು ಗಂಟೆ ಇಟ್ಟರೆ ಹತ್ತು ಯೂನಿಟ್ಟು, ಅಂದರೆ ಆರೇಳು ಕಿಲೋ ಕಲ್ಲಿದ್ದಲು. ಅಷ್ಟನ್ನು ನಮ್ಮ ವರಾಂಡದಲ್ಲೇ ಸುಡಬೇಕಾಗಿದ್ದರೆ ನಾವು ಎಷ್ಟು ಸುಡುತ್ತಿದ್ದೆವು? ಕಣ್ಣಿಗೆ ಕಾಣದಿರುವುದೇ ವಿದ್ಯುತ್ತಿನ ದೊಡ್ಡ ಸೌಕರ್ಯ, ಅದರ ನೈತಿಕ ತೊಡಕೂ ಅದೇ.

ಹಾಗಾದರೆ ನಡುಗುತ್ತ ಕೂರಬೇಕೆ? ಇಲ್ಲಿ ನಾವು ಇನ್ನೊಂದು ಕಡೆಯ ತಪ್ಪಿಗೆ ಬೀಳಬಾರದು. ನಮ್ಮಲ್ಲಿ ಸರಳತೆಯನ್ನು ಹೊಗಳುವ ಚಟ ಹಳೆಯದು. "ನಮ್ಮ ಕಾಲದಲ್ಲಿ ಹೀಟರು ಎಲ್ಲಿತ್ತು, ತಣ್ಣೀರಿನಲ್ಲೇ ಸ್ನಾನ ಮಾಡುತ್ತಿದ್ದೆವು" ಎನ್ನುವ ಹಿರಿಯರು ಪ್ರತಿ ಮನೆಯಲ್ಲೂ ಉಂಟು. ಆದರೆ ಚಳಿ ಸದ್ಗುಣವಲ್ಲ. ಮನೆಯೊಳಗಿನ ಉಷ್ಣಾಂಶ 18 ಡಿಗ್ರಿಗಿಂತ ಕಡಿಮೆಯಾಗದಿರುವುದು ಆರೋಗ್ಯಕ್ಕೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಶೀತ ಮತ್ತು ಸಮಶೀತೋಷ್ಣ ಹವೆಯ ನಾಡುಗಳಿಗೆ ಸೂಚಿಸಿದೆ. ಚಳಿಯಲ್ಲಿ ರಕ್ತನಾಳಗಳು ಕುಗ್ಗುತ್ತವೆ, ರಕ್ತದೊತ್ತಡ ಏರುತ್ತದೆ. ವಯಸ್ಸಾದವರಿಗೆ, ಹಸುಗೂಸಿಗೆ, ಉಬ್ಬಸದವರಿಗೆ ಬೆಚ್ಚಗಿನ ಕೋಣೆ ಔಷಧದಷ್ಟೇ ಅಗತ್ಯ.

ಶೀತೋಷ್ಣಗಳು ಬಂದುಹೋಗುವಂಥವು, ಅವನ್ನು ಸಹಿಸಿಕೋ ಎಂಬ ಗೀತೆಯ ಉಪದೇಶವನ್ನು ಇಂಥ ಕಡೆ ಉದಾಹರಿಸುವವರಿದ್ದಾರೆ. ಆ ಮಾತು ಯಾರಿಗೆ ಹೇಳಿದ್ದು ಎಂಬುದನ್ನು ಮರೆಯಬಾರದು. ಅದು ಅರ್ಜುನ ತನಗಾಗಿ ಕೇಳಿಸಿಕೊಂಡ ಮಾತು. ತನ್ನ ಸಾರಥಿಗೋ ಕುದುರೆಗಳಿಗೋ ಚಳಿಯಾದಾಗ ಓದಿ ಹೇಳಲೆಂದು ಕೊಟ್ಟದ್ದಲ್ಲ. ಸರಳತೆಯನ್ನು ನಾವೇ ಆರಿಸಿಕೊಂಡರೆ ವ್ರತ. ಇನ್ನೊಬ್ಬರ ಮೇಲೆ ಹೇರಿದರೆ ದಂಡನೆ. ಕರೆಂಟು ಉಳಿಸಲೆಂದು ಊರಿನಿಂದ ಬಂದ ತಾಯಿಯ ಕೋಣೆಯ ಹೀಟರನ್ನು ಹತ್ತು ಗಂಟೆಗೆ ಆರಿಸಿ ಬರುವ ಮಗ ತ್ಯಾಗಿಯೇನೂ ಅಲ್ಲ, ಅಲ್ಲಿ ತ್ಯಾಗ ಮಾಡುತ್ತಿರುವವರು ಅಮ್ಮ.

ಈ ಮಾತು ನಮ್ಮನ್ನು ಮನೆಯೊಳಕ್ಕೇ ಕರೆದುಕೊಂಡು ಬರುತ್ತದೆ. ದೂರದ ಸಿಂಗ್ರೌಲಿಗೆ ಮರುಗುವುದು ಸುಲಭ. ನಮ್ಮ ಎರಡು ಕೋಣೆಯ ಮನೆಯಲ್ಲಿ ಹೀಟರು ಎಲ್ಲಿ ನಿಂತಿದೆ ಎಂದು ನೋಡಿಕೊಳ್ಳುವುದು ಅಷ್ಟು ಸುಲಭವಲ್ಲ. ಸಾಮಾನ್ಯವಾಗಿ ಅದು ಹಾಲಿನಲ್ಲಿ, ಟಿ.ವಿ.ಯ ಎದುರು, ಯಜಮಾನರ ಕುರ್ಚಿಯ ಬಳಿ ಇರುತ್ತದೆ. ಅಡಿಗೆಮನೆಗೆ ಹೀಟರು ಬೇಕೆಂದು ಯಾರಾದರೂ ಹೇಳಿದ್ದನ್ನು ನಾವು ಕೇಳಿಲ್ಲ. ಒಲೆಯಿದೆಯಲ್ಲ ಎನ್ನುತ್ತೇವೆ. ಆದರೆ ಬೆಳಗಿನ ಐದೂವರೆಗೆ ಎದ್ದು, ರಾತ್ರಿಯಿಡೀ ಛಾವಣಿಯ ಮೇಲಿನ ಟ್ಯಾಂಕಿನಲ್ಲಿ ಕೊರೆದ ನೀರಿನಲ್ಲಿ ಪಾತ್ರೆ ತೊಳೆದು, ಮಕ್ಕಳ ಡಬ್ಬಿಗೆ ಚಪಾತಿ ಲಟ್ಟಿಸುವವರ ಬೆರಳುಗಳ ಸ್ಥಿತಿಯನ್ನು ಹಾಲಿನಲ್ಲಿ ಕುಳಿತವರು ಬಲ್ಲರೇ? ಹತ್ತು ಗಂಟೆಗೆ ಕೆಲಸದಾಕೆ ಬಂದು ಅದೇ ನೀರಿಗೆ ಕೈ ಹಾಕುತ್ತಾಳೆ. ಆ ಎರಡು ಜೊತೆ ಕೈಗಳಿಗೆ ಸಿಂಕಿನ ಮೇಲೊಂದು ಮೂರು ಲೀಟರಿನ ಪುಟ್ಟ ಗೀಸರು ಸಾಕು. ಹಾಲಿನ ಹೀಟರನ್ನು ಬದಲಾಯಿಸುವ ಮುನ್ನ ಅಡಿಗೆಮನೆಯ ನೀರಿನ ಬಗ್ಗೆ ಯೋಚಿಸಿದ ಮನೆ ನಮ್ಮ ದೃಷ್ಟಿಯಲ್ಲಿ ಹೆಚ್ಚು ಸುಸಂಸ್ಕೃತ. ಮನೆಯಲ್ಲಿ ಯಾರಿಗೆ ಎಷ್ಟು ಗೌರವ ಎಂಬುದನ್ನು ಶ್ಲೋಕಗಳಿಂದಲೂ ತಿಳಿಯಬಹುದು, ಹೀಟರಿನ ವೈರು ಎಲ್ಲಿಯವರೆಗೆ ಹೋಗುತ್ತದೆ ಎಂಬುದರಿಂದಲೂ ತಿಳಿಯಬಹುದು.

ಇನ್ನು ನೆರೆಹೊರೆ. ಫ್ಲ್ಯಾಟಿನಲ್ಲಿ ಬೆಚ್ಚಗೆ ಎನ್ನುವುದು ಪೂರಾ ಖಾಸಗಿ ವಿಷಯವಲ್ಲ. ಕೆಳಗಿನ ಮನೆಯವರು ಕಾಯಿಸಿದ ಶಾಖ ಅವರ ಛಾವಣಿಯ ಮೂಲಕ ನಮ್ಮ ನೆಲಕ್ಕೆ ಬರುತ್ತದೆ, ನಮ್ಮದು ಪಕ್ಕದವರ ಗೋಡೆಗೆ ಹೋಗುತ್ತದೆ. ಗೊತ್ತಿಲ್ಲದೆಯೇ ಒಬ್ಬರ ಋಣದಲ್ಲಿ ಒಬ್ಬರು ಮಲಗಿರುತ್ತೇವೆ. ಶಾಖದಂತೆ ಅಪಾಯವನ್ನೂ ಹಂಚಿಕೊಳ್ಳುತ್ತೇವೆ. ಎರಡು ಸಾವಿರ ವಾಟಿನ ಹೀಟರು ಸುಮಾರು ಒಂಬತ್ತು ಆಂಪಿಯರ್ ವಿದ್ಯುತ್ ಎಳೆಯುತ್ತದೆ. ಆರು ಆಂಪಿಯರಿನ ಸಾಕೆಟ್ಟಿಗೆ, ಅದರಲ್ಲೂ ಎಕ್ಸ್‌ಟೆನ್ಷನ್ ಬೋರ್ಡಿಗೆ ಅದನ್ನು ಸಿಕ್ಕಿಸುವುದು ತನ್ನ ಮನೆಗೆ ಮಾತ್ರ ಸಂಬಂಧಿಸಿದ ಧೈರ್ಯವಲ್ಲ. ಹಳೆಯ ಡಿ.ಡಿ.ಎ. ಫ್ಲ್ಯಾಟುಗಳ ಗೋಡೆಯೊಳಗಿನ ತಂತಿಗಳು ಇಷ್ಟು ಹೊರೆಯನ್ನು ಕನಸಿನಲ್ಲೂ ಎಣಿಸಿರಲಿಲ್ಲ. ಹದಿನಾರು ಆಂಪಿಯರಿನ ಸಾಕೆಟ್ಟು, ಸರಿಯಾದ ಅರ್ಥಿಂಗು, ಐ.ಎಸ್.ಐ. ಮುದ್ರೆ, ಬಿದ್ದರೆ ತಾನೇ ಆರುವ ಸ್ವಿಚ್ಚು, ಇವುಗಳನ್ನು ನೋಡಿ ಕೊಳ್ಳುವುದನ್ನು ನಾವು ಜಾಣತನ ಎನ್ನುತ್ತೇವೆ. ನೆರೆಯವರ ಕುರಿತ ಕರ್ತವ್ಯ ಎನ್ನುವುದು ಇನ್ನೂ ಸರಿಯಾದ ಹೆಸರು.

ನೆರೆಹೊರೆ ಎಂದಾಗ ಗೇಟಿನಲ್ಲಿರುವವನನ್ನು ಬಿಡಬಾರದು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ನಮ್ಮ ಬೆಚ್ಚಗಿನ ನಿದ್ರೆಯನ್ನು ಕಾಯುವ ಚೌಕೀದಾರ, ಒಣಗಿದ ಎಲೆ, ಮುರಿದ ಪೆಟ್ಟಿಗೆ, ಕೆಲವೊಮ್ಮೆ ಪ್ಲಾಸ್ಟಿಕ್ಕು ಟೈರುಗಳನ್ನೂ ಸುಟ್ಟು ಮೈ ಕಾಯಿಸಿಕೊಳ್ಳುತ್ತಾನೆ. ಆ ಹೊಗೆ ಅವನ ಎದೆಗೆ ಮೊದಲು, ನಮ್ಮ ಕಿಟಕಿಗೆ ಆಮೇಲೆ. ಇನ್ನು ಕೆಲವರು ಬಾಗಿಲು ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಇಟ್ಟುಕೊಂಡು ಮಲಗುತ್ತಾರೆ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. 2024ರ ಜನವರಿಯಲ್ಲಿ ದೆಹಲಿಯ ಎರಡು ಬೇರೆ ಬೇರೆ ಮನೆಗಳಲ್ಲಿ ಹೀಗೆ ಆರು ಮಂದಿ ಮಲಗಿದಲ್ಲಿಯೇ ಸತ್ತರು.

ರಾಜಧಾನಿ ಪ್ರದೇಶದ ವಾಯುಗುಣಮಟ್ಟ ನಿರ್ವಹಣೆಗೆಂದಿರುವ ಆಯೋಗವು ತನ್ನ ಚಳಿಗಾಲದ ಕ್ರಮಗಳಲ್ಲಿ, ಕಾವಲಿನವರಿಗೂ ಇತರ ಕೆಲಸಗಾರರಿಗೂ ನಿವಾಸಿ ಸಂಘಗಳು ವಿದ್ಯುತ್ ಹೀಟರು ಒದಗಿಸಬೇಕೆಂದು ಸೇರಿಸಿದೆ. ಹೊಗೆ ನಿಲ್ಲಲಿ ಎಂಬುದು ಅದರ ಉದ್ದೇಶ. ಈ ವಿಷಯ ಸೊಸೈಟಿಯ ಮೀಟಿಂಗಿಗೆ ಬಂದಾಗ ಏನಾಗುತ್ತದೆ ಎಂಬುದು ಓದುಗರಿಗೆ ಗೊತ್ತೇ ಇದೆ. "ಕಾಮನ್ ಮೀಟರಿನ ಬಿಲ್ಲು ಯಾರು ಕಟ್ಟುತ್ತಾರೆ ಸಾಹೇಬರೇ?" ಎಂದು ಒಬ್ಬರು ಏಳುತ್ತಾರೆ. "ಬೆಚ್ಚಗಾದರೆ ಅವನು ನಿದ್ದೆ ಹೋಗುತ್ತಾನೆ" ಎಂದು ಇನ್ನೊಬ್ಬರು ಹೇಳುತ್ತಾರೆ. ಬೆಚ್ಚಗೆ ಇದ್ದರೂ ನಾವು ಆಫೀಸಿನಲ್ಲಿ ನಿದ್ದೆ ಹೋಗುವುದಿಲ್ಲ ಎಂಬ ನಂಬಿಕೆಯಲ್ಲಿ ಈ ಮಾತು ಹುಟ್ಟಿರಬೇಕು. ಲೆಕ್ಕ ಹಾಕೋಣ. ಸಾವಿರ ವಾಟಿನ ಹೀಟರು ಎಂಟು ಗಂಟೆ ಉರಿದರೆ ಎಂಟು ಯೂನಿಟ್ಟು. ಯೂನಿಟ್ಟಿಗೆ ಎಂಟು ರೂಪಾಯಿ ಎಂದಿಟ್ಟುಕೊಂಡರೆ ರಾತ್ರಿಗೆ ಅರವತ್ತನಾಲ್ಕು ರೂಪಾಯಿ. ನಲವತ್ತು ಮನೆಗಳ ಸೊಸೈಟಿಯಲ್ಲಿ ಮನೆಗೆ ಒಂದು ರೂಪಾಯಿ ಅರವತ್ತು ಪೈಸೆ. ಕಡು ಚಳಿಯ ಅರವತ್ತು ರಾತ್ರಿಗಳಿಗೆ ತೊಂಬತ್ತಾರು ರೂಪಾಯಿ. ಒಂದು ಮಸಾಲೆ ದೋಸೆಗೂ ಸಾಲದ ಈ ಮೊತ್ತದ ಮೇಲೆ ಒಂದೂವರೆ ಗಂಟೆ ಚರ್ಚೆ ನಡೆಯುತ್ತದೆ. ಎಂದ ಮೇಲೆ ಚರ್ಚೆಯ ನಿಜವಾದ ವಿಷಯ ಹಣವಲ್ಲ. ಅವನ ಚಳಿ ನಮ್ಮ ಚಳಿಯಂಥದೇ ಎಂದು ಒಪ್ಪಿಕೊಂಡರೆ ಇನ್ನೂ ಏನೇನನ್ನು ಒಪ್ಪಬೇಕಾದೀತೋ ಎಂಬ ಅಂಜಿಕೆ ಅಲ್ಲಿದೆ.

ಹಾಗೆಂದು ಕಲ್ಲಿದ್ದಲಿನ ಲೆಕ್ಕವನ್ನು ಇಲ್ಲಿ ಮರೆತೆವೇ? ಮರೆತಿಲ್ಲ. ನಮ್ಮ ಬೀರುವನ್ನು ಕಾಯಿಸುವ ಯೂನಿಟ್ಟಿಗೂ ಗೇಟಿನ ಮನುಷ್ಯನನ್ನು ಕಾಯಿಸುವ ಯೂನಿಟ್ಟಿಗೂ ಮೀಟರಿನಲ್ಲಿ ಭೇದವಿಲ್ಲ, ನ್ಯಾಯದಲ್ಲಿ ಇದೆ. ಮಿತವಾಗಿ ಬಳಸುವುದರ ಅರ್ಥವೇ ಅದು. ಉಳಿದದ್ದು ಅಗತ್ಯವಿದ್ದಲ್ಲಿಗೆ ಹರಿಯಬೇಕು. ಉಳಿಸಿ ಸುಮ್ಮನೆ ಬಿಲ್ಲಿನ ಅಂಕಿ ನೋಡಿ ಹಿಗ್ಗುವುದು ಜಿಪುಣತನಕ್ಕೆ ತತ್ವದ ಅಂಗಿ ತೊಡಿಸಿದಂತೆ.

ಕೊನೆಯದಾಗಿ ಆ ಕೆಟ್ಟುಹೋದ ಹೀಟರು. ಹೊಸದು ಬಂದ ಮೇಲೆ ಹಳೆಯದನ್ನು ಏನು ಮಾಡುತ್ತೇವೆ? ಬಹಳ ಮನೆಗಳಲ್ಲಿ ಅದು ಕೆಲಸದಾಕೆಗೆ ಹೋಗುತ್ತದೆ. "ತೊಗೊಂಡು ಹೋಗಮ್ಮ, ಸ್ವಲ್ಪ ರಿಪೇರಿ ಮಾಡಿಸಿದರೆ ನಡೆಯುತ್ತೆ" ಎನ್ನುತ್ತೇವೆ. ಕೊಟ್ಟ ತೃಪ್ತಿ ನಮಗೆ, ಪಡೆದ ಸಂಕೋಚ ಅವಳಿಗೆ. ಕಠೋಪನಿಷತ್ತಿನ ನಚಿಕೇತನ ಕಥೆ ನಮ್ಮವರಿಗೆಲ್ಲ ಗೊತ್ತು. ತಂದೆ ಯಜ್ಞದಲ್ಲಿ ಎಲ್ಲವನ್ನೂ ದಾನ ಮಾಡುತ್ತೇನೆಂದು ಹೊರಟು, ಹಾಲು ಬತ್ತಿದ, ಇನ್ನು ಕರು ಹಾಕಲಾರದ ಮುದಿ ಹಸುಗಳನ್ನು ಕೊಡುತ್ತಿದ್ದುದನ್ನು ಕಂಡು ಆ ಹುಡುಗನ ಮನಸ್ಸು ಕಲಕಿತು. ಯಮನ ಬಳಿ ಅವನು ಕೇಳಿದ ದೊಡ್ಡ ಪ್ರಶ್ನೆಗಳನ್ನು ನಾವು ಉಪನ್ಯಾಸಗಳಲ್ಲಿ ಕೇಳುತ್ತೇವೆ. ಆದರೆ ಆ ಪ್ರಯಾಣ ಹೊರಟದ್ದು ಇಂಥದೊಂದು ಮನೆಯ ಪ್ರಶ್ನೆಯಿಂದ. ನಮಗೆ ಬೇಡವಾದದ್ದನ್ನು ಕೊಡುವುದು ದಾನವೇ?

ಹಳೆಯ ಹೀಟರಿನ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಹರಿತವಾಗುತ್ತದೆ. ಮುದಿ ಹಸು ಹಾಲು ಕೊಡದಿದ್ದರೂ ಯಾರನ್ನೂ ಸುಡುವುದಿಲ್ಲ. ವೈರು ಹರಿದ, ಸ್ವಿಚ್ಚು ಸಡಿಲವಾದ, ಜಾಲರಿ ಕಿತ್ತುಹೋದ ಹೀಟರನ್ನು ನಮ್ಮ ಮೊಮ್ಮಗುವಿನ ಕೋಣೆಯಲ್ಲಿಡಲು ಒಪ್ಪದ ನಾವು, ಒಂದೇ ಸಾಕೆಟ್ಟಿನಿಂದ ಎಲ್ಲ ನಡೆಯುವ, ತಗಡು ಮತ್ತು ಪ್ಲಾಸ್ಟಿಕ್ಕಿನ ಜುಗ್ಗಿಯಲ್ಲಿ ಮೂರು ಮಕ್ಕಳ ನಡುವೆ ಇಡಲು ಕೊಟ್ಟುಬಿಡುತ್ತೇವೆ. ಇದನ್ನು ದಾನ ಎನ್ನುವುದಕ್ಕಿಂತ ನಮ್ಮ ಅಪಾಯವನ್ನು ಅವಳ ಮನೆಗೆ ಸಾಗಿಸಿದ್ದು ಎನ್ನುವುದು ಸತ್ಯಕ್ಕೆ ಹತ್ತಿರ. ಕೊಡುವ ಮನಸ್ಸಿದ್ದರೆ ಮಿಸ್ತ್ರಿಯ ಬಳಿ ನಾವೇ ಒಯ್ದು, ಹೊಸ ವೈರು, ಹೊಸ ಎಲಿಮೆಂಟು ಹಾಕಿಸಿ, ನಮ್ಮ ಮನೆಯಲ್ಲೇ ಎರಡು ರಾತ್ರಿ ಉರಿಸಿ ನೋಡಿ ಕೊಡಬೇಕು. ರಿಪೇರಿಗೆ ಮೀರಿದ್ದಾದರೆ ಅದನ್ನು ಇಲೆಕ್ಟ್ರಾನಿಕ್ ಕಸ ಪಡೆಯುವವರಿಗೆ ಒಪ್ಪಿಸಿ, ಅವಳಿಗೊಂದು ಒಳ್ಳೆಯ ರಜಾಯಿ ಕೊಡಿಸಬೇಕು. ರಜಾಯಿ ಶಾರ್ಟ್ ಸರ್ಕ್ಯೂಟ್ ಆಗುವುದಿಲ್ಲ, ಅವಳಿಗೆ ಬಿಲ್ಲನ್ನೂ ತರುವುದಿಲ್ಲ.

ಹಾಗಾದರೆ ಯಾವ ಹೀಟರು ಕೊಳ್ಳಬೇಕು ಎಂಬ ಮೊದಲ ಪ್ರಶ್ನೆಗೆ ಉತ್ತರ ಹೇಳದೆ ಮುಗಿಸಿದರೆ ಓದುಗರು ನಮ್ಮನ್ನು ಕ್ಷಮಿಸಲಾರರು. ಮೊದಲು ಹತ್ತಿಯ ಪಟ್ಟಿ, ರಬ್ಬರ್ ಪಟ್ಟಿ ತಂದು ಕಿಟಕಿ ಬಾಗಿಲುಗಳ ಸಂದು ಮುಚ್ಚಿ, ನೆಲಕ್ಕೊಂದು ಜಮಖಾನ ಹಾಸಿ. ಇದಕ್ಕಿಂತ ಅಗ್ಗದ ಶಾಖ ಬೇರೆ ಇಲ್ಲ. ರಾತ್ರಿಯಿಡೀ ಬೆಚ್ಚಗಿರಬೇಕಾದ ಹಿರಿಯರಿದ್ದರೆ ಅವರ ಕೋಣೆಗೆ ಎಣ್ಣೆಯ ರೇಡಿಯೇಟರು ಒಳ್ಳೆಯದು. ಗಾಳಿ ಊದುವುದಿಲ್ಲ, ಕೆಂಪಗೆ ಕಾಯುವುದಿಲ್ಲ, ಸದ್ದಿಲ್ಲ. ಹೇಗೂ ಹೊಸ ಏರ್‌ಕಂಡಿಷನರು ಕೊಳ್ಳುವ ವರ್ಷವಾದರೆ ಬಿಸಿಯನ್ನೂ ಕೊಡುವಂಥದನ್ನು ಕೊಳ್ಳಿ. ಮೊದಲು ಹೆಚ್ಚು ತೆತ್ತರೂ ಹಣ ವರ್ಷಗಳಲ್ಲಿ ಹಿಂದೆ ಬರುತ್ತದೆ, ಕಲ್ಲಿದ್ದಲು ಮೂರರಲ್ಲಿ ಒಂದಾಗುತ್ತದೆ. ಬೆಳಗಿನ ಅರ್ಧ ಗಂಟೆಯ ಉಪಯೋಗಕ್ಕೆ ರಾಡಿನ ಹೀಟರೇ ಸಾಕು. ಬ್ಲೋಯರು ಕೂಸಿನ ಸ್ನಾನಕ್ಕೆ ಮೊದಲು ಹತ್ತು ನಿಮಿಷ ಕೋಣೆ ಕಾಯಿಸಲು ಸರಿ, ಇಡೀ ರಾತ್ರಿಗೆ ಅಲ್ಲ. ಯಾವುದನ್ನೇ ಇಟ್ಟರೂ ಗಾಳಿಗೊಂದು ಸಣ್ಣ ಕಿಂಡಿ ಇರಲಿ, ಪರದೆ ಹಾಸಿಗೆಗಳಿಂದ ದೂರವಿರಲಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದರು. ಅದನ್ನು ನಾವು ಯಾವಾಗಲೂ ಹಣದ ಗಾದೆಯಾಗಿ ಓದಿಕೊಂಡೆವು. ಒಂದೇ ಹಾಸಿಗೆಯಲ್ಲಿ ಎಷ್ಟು ಜನ ಮಲಗಿದ್ದಾರೆ ಎಂದು ಎಣಿಸಿ ಓದಿದರೆ ಅದರ ಅರ್ಥ ಇನ್ನಷ್ಟು ಅಗಲವಾಗುತ್ತದೆ. ಮಾರ್ಗಶಿರ ಬರುವ ಮೊದಲೇ ನಮ್ಮ ನಮ್ಮ ಸೊಸೈಟಿಗಳ ಮೀಟಿಂಗಿನಲ್ಲಿ ಗೇಟಿನ ಹೀಟರಿನ ಮಾತನ್ನು ಕನ್ನಡಿಗರೇ ಎತ್ತಿದರೆ, ಸಂಘದ ಸದಸ್ಯರಾಗಿ ನಮಗೆಲ್ಲ ಅದೊಂದು ಸಂತೋಷದ ಸಂಗತಿಯಾದೀತು. ಖರ್ಚು ಮನೆಗೆ ತೊಂಬತ್ತಾರು ರೂಪಾಯಿ, ಲೆಕ್ಕ ಮೇಲೆ ಕೊಟ್ಟಿದೆ.